ಮೂರನೇ ಅಧ್ಯಾಯಕ್ಕೆ ನಿಂತ ಪೆನ್ಸಿಲ್: ವ್ಯಕ್ತಿತ್ವ ವಿಕಸನ ಪುಸ್ತಕಗಳ ಜೊತೆ ಒಂಬತ್ತು ವರ್ಷ

ಭಾನುವಾರ ಬೆಳಿಗ್ಗೆ ಬೆಂಗಳೂರಿನ ಅವೆನ್ಯೂ ರಸ್ತೆಯ ಫುಟ್‌ಪಾತ್‌ನಲ್ಲಿ ಹಳೇ ಪುಸ್ತಕ ಹುಡುಕುವುದು ನನ್ನ ಚಟ. ಅಲ್ಲಿ ವ್ಯಕ್ತಿತ್ವ ವಿಕಸನದ ಯಾವ ಪುಸ್ತಕವನ್ನಾದರೂ ತೆಗೆದು ನೋಡಿ. ಮೊದಲ ಮೂವತ್ತು ನಲವತ್ತು ಪುಟದ ತುಂಬ ಗೀಟು. ಪೆನ್ಸಿಲ್, ಹಳದಿ ಹೈಲೈಟರ್, ಕೆಲವರದ್ದಂತೂ ಸ್ಕೇಲ್ ಇಟ್ಟು ಎಳೆದ ಕೆಂಪು ಗೆರೆ. ಮೂರನೇ ಅಧ್ಯಾಯದ ಹೊತ್ತಿಗೆ ಗೀಟು ಕಡಿಮೆಯಾಗುತ್ತದೆ. ನಾಲ್ಕನೇದರಲ್ಲಿ ಒಂದೋ ಎರಡೋ. ಅಲ್ಲಿಂದಾಚೆ ಕೊನೆ ಪುಟದ ತನಕ ಅಂಗಡಿಯಿಂದ ಈಗ ತಂದಷ್ಟು ಚೊಕ್ಕ.

ನಗುವ ಹಾಗಿಲ್ಲ. ನಾನು ಹಾಕಿದ ಗೀಟುಗಳದ್ದೂ ಇದೇ ಕಥೆ.

ನಾನು ಚಾಮರಾಜಪೇಟೆಯ ಒಂದು ಆಡಿಟರ್ ಆಫೀಸಿನಲ್ಲಿ ಲೆಕ್ಕ ಬರೆಯುವವನು. ಆದ್ದರಿಂದ ಲೆಕ್ಕ ಮೊದಲೇ ಹೇಳಿಬಿಡುತ್ತೇನೆ. 2016ರಿಂದ ಈಚೆಗೆ ಕೊಂಡ ಪುಸ್ತಕ ಹದಿನಾಲ್ಕು. ಹನ್ನೆರಡು ಹಳೇವು, ಎರಡು ಹೊಸವು. ಒಟ್ಟು ಖರ್ಚು ₹2,310. ಹೆಸರು ಹೇಳುವುದಿಲ್ಲ, ಎಲ್ಲ ನೀವು ಬಸ್ ಸ್ಟ್ಯಾಂಡಿನಲ್ಲೋ ವಿಮಾನ ನಿಲ್ದಾಣದಲ್ಲೋ ನೋಡಿರುವಂಥವೇ. ಅದರಲ್ಲೊಂದು ಕಳ್ಳ ಮುದ್ರಣದ್ದು ಅಂತ ಮನೆಗೆ ತಂದ ಮೇಲೆ ಗೊತ್ತಾಯಿತು. 97ರಿಂದ 112ನೇ ಪುಟದ ತನಕ ಎರಡೆರಡು ಸಲ ಇದೆ, ಮುಂದಿನ ಹದಿನಾರು ಪುಟ ನಾಪತ್ತೆ. ಪ್ರಾಮಾಣಿಕತೆ ಬಗ್ಗೆ ಇರುವ ಅಧ್ಯಾಯ ಮಾತ್ರ ಪೂರ್ತಿ ಇದೆ.

ಕೊಂಡಿದ್ದು ಯಾಕೆ ಅಂದರೆ, ನನಗೆ "ನಾಳೆ ನೋಡೋಣ" ಅನ್ನುವ ರೋಗ. ಆಫೀಸಿನ ಕೆಲಸ ಅಲ್ಲ, ಅದು ಹೇಗೋ ನಡೆಯುತ್ತದೆ. ಪ್ರತಿ ತಿಂಗಳು 20ನೇ ತಾರೀಕಿನೊಳಗೆ ಗಿರಾಕಿಗಳ ಜಿಎಸ್‌ಟಿ ಹೋಗಲೇಬೇಕು, ಹೋಗುತ್ತದೆ. ನನ್ನ ಸ್ವಂತದ್ದೇ ಕಷ್ಟ. ಮನೆ ಲೆಕ್ಕ, ವಿಮೆ ಕಂತು, ಸಕ್ಕರೆ ಪರೀಕ್ಷೆ, ಸಂಜೆ ವಾಕಿಂಗ್. 2023ರಲ್ಲಿ ಊರಿನವರ ಆದಾಯ ತೆರಿಗೆ ರಿಟರ್ನ್ಸ್ ಎಲ್ಲ ಜುಲೈ 31ರೊಳಗೆ ಹಾಕಿ ನನ್ನದನ್ನೇ ಹಾಕಲಿಲ್ಲ. ವರಮಾನ ಐದು ಲಕ್ಷದ ಮೇಲಿದ್ದರೆ ತಡ ಶುಲ್ಕ ₹5,000. ಕಟ್ಟಿದೆ. ಇಷ್ಟಕ್ಕೂ ಆಗ ಈ ಪುಸ್ತಕಗಳನ್ನು ಓದಲು ಶುರು ಮಾಡಿ ಏಳು ವರ್ಷ ಆಗಿತ್ತು! ಮನೆಯವಳು ಚಲನ್ ನೋಡಿ ಏನೂ ಅನ್ನಲಿಲ್ಲ. ಕಪಾಟಿನ ಕಡೆ ಒಂದು ಸಲ ನೋಡಿದಳು, ಅಷ್ಟೇ.

ಮೊದಲು ನನಗೆ ಸಿಟ್ಟು ತರಿಸಿದ ವಿಷಯ ಮುಗಿಸುತ್ತೇನೆ. ಇಪ್ಪತ್ತೊಂದು ದಿನ. ನನ್ನ ಹದಿನಾಲ್ಕರಲ್ಲಿ ಒಂಬತ್ತು ಪುಸ್ತಕ ಇದನ್ನೇ ಹೇಳುತ್ತವೆ: ಏನನ್ನಾದರೂ ಇಪ್ಪತ್ತೊಂದು ದಿನ ಬಿಡದೆ ಮಾಡಿದರೆ ಅಭ್ಯಾಸ ಆಗುತ್ತದೆ. ನಾನು ನಂಬಿದೆ. ಹಳೇ ಕ್ಯಾಲೆಂಡರಿನ ಹಿಂಬದಿಗೆ ಇಪ್ಪತ್ತೊಂದು ಚೌಕ ಬರೆದು ಫ್ರಿಜ್ಜಿಗೆ ಅಂಟಿಸಿದೆ. ಸಂಜೆ ವಾಕಿಂಗ್ ಮುಗಿಸಿ ಬಂದು ದಿನಾ ಒಂದು ಟಿಕ್. ಇಪ್ಪತ್ತೊಂದೂ ತುಂಬಿತು. ಅವತ್ತು ಮಗ ಚಪ್ಪಾಳೆ ತಟ್ಟಿದ. ಇಪ್ಪತ್ತೆರಡನೇ ದಿನ ಮಳೆ. ಇಪ್ಪತ್ಮೂರು ಸುಮ್ನೆ ಬೇಜಾರು. ಇಪ್ಪತ್ನಾಲ್ಕನೇ ದಿನ ನಾನು ಸೋಫಾದ ಮೇಲಿದ್ದೆ, ಆ ಚಾರ್ಟ್ ಇನ್ನೂ ಫ್ರಿಜ್ಜಿನ ಮೇಲಿತ್ತು. ಪುಸ್ತಕದ ಪ್ರಕಾರ ನನಗೆ ಆಗಲೇ ಅಭ್ಯಾಸ ಆಗಿರಬೇಕಿತ್ತು. ಆಗಿಲ್ಲ ಅಂದರೆ ತಪ್ಪು ಯಾರದ್ದು? ನನ್ನದೇ ಅಂದುಕೊಂಡೆ. ಎರಡು ವರ್ಷ ಹಾಗೇ ಅಂದುಕೊಂಡಿದ್ದೆ.

ಆಮೇಲೆ ಈ ಇಪ್ಪತ್ತೊಂದು ಎಲ್ಲಿಂದ ಬಂತು ಅಂತ ಹುಡುಕಿದೆ. ಮ್ಯಾಕ್ಸ್‌ವೆಲ್ ಮಾಲ್ಟ್ಜ್ ಅನ್ನುವ ಅಮೆರಿಕದ ಪ್ಲಾಸ್ಟಿಕ್ ಸರ್ಜನ್ 1960ರಲ್ಲಿ ಬರೆದ ಪುಸ್ತಕದಿಂದ. ಮೂಗು ಸರಿಮಾಡಿಸಿಕೊಂಡವರು ಕನ್ನಡಿಯಲ್ಲಿ ಕಾಣುವ ಹೊಸ ಮುಖಕ್ಕೆ ಹೊಂದಿಕೊಳ್ಳಲು ಕನಿಷ್ಠ ಇಪ್ಪತ್ತೊಂದು ದಿನ ಬೇಕಾಗುತ್ತದೆ ಅಂತ ಅವರು ಗಮನಿಸಿದ್ದರು. ಮೂಗಿಗೆ ಹೊಂದಿಕೊಳ್ಳುವ ಲೆಕ್ಕ ಅದು! ಕೈಯಿಂದ ಕೈಗೆ ದಾಟುವಾಗ ಮೂಗು ಬಿದ್ದುಹೋಯಿತು, "ಕನಿಷ್ಠ" ಅನ್ನುವ ಪದವೂ ಬಿದ್ದುಹೋಯಿತು. ಉಳಿದದ್ದು ಬರೀ ಅಂಕಿ.

ನಿಜವಾಗಿ ಅಳೆದು ನೋಡಿದವರು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲ್ಯಾಲಿ ಮತ್ತವರ ಜೊತೆಯವರು, 2009ರಲ್ಲಿ. 96 ಜನ, 84 ದಿನ. ಊಟದ ಜೊತೆ ಹಣ್ಣು ತಿನ್ನುವುದು, ರಾತ್ರಿ ಊಟಕ್ಕೆ ಮುಂಚೆ ಹದಿನೈದು ನಿಮಿಷ ಓಡುವುದು, ಇಂಥವು. ಸರಾಸರಿ 66 ದಿನ ಬಂತು. ಕೆಲವರಿಗೆ 18, ಇನ್ನು ಕೆಲವರಿಗೆ 254. ಎಂಬತ್ನಾಲ್ಕು ದಿನದ ಪರೀಕ್ಷೆಯಲ್ಲಿ 254 ಎಲ್ಲಿಂದ ಬಂತು ಅಂತ ನನ್ನ ತಲೆ ತಕ್ಷಣ ಕೇಳಿತು, ಲೆಕ್ಕದವನ ಬುದ್ಧಿ. ಅದು ಅಲ್ಲಿಯ ತನಕ ಅಭ್ಯಾಸ ಗಟ್ಟಿಯಾದ ಏರಿಕೆ ನೋಡಿ ಮುಂದಕ್ಕೆ ಹಾಕಿದ ಅಂದಾಜು. ಇರಲಿ. ನನಗೆ ಅದರಲ್ಲಿ ಸಮಾಧಾನ ಕೊಟ್ಟ ಸಾಲು ಬೇರೆ: ಮಧ್ಯ ಒಂದು ದಿನ ತಪ್ಪಿದರೆ ಹೆಚ್ಚೇನೂ ಹಾಳಾಗುವುದಿಲ್ಲವಂತೆ. ನನ್ನ ಪುಸ್ತಕಗಳಲ್ಲಿ ಆ ಮಾತು ಹೇಳಿದ್ದು ಒಂದೇ ಒಂದು. ಉಳಿದವು ಸರಪಳಿ ಕಡಿಯಬೇಡಿ, ಕಡಿಯಬೇಡಿ ಅಂತ ಹೆದರಿಸುತ್ತವೆ.

ದಿನದ ಲೆಕ್ಕವೇ ತಪ್ಪು ಅಂತ ನನಗೆ ಮೊದಲು ಅನ್ನಿಸಬೇಕಿತ್ತು, ಯಾಕೆಂದರೆ ಪ್ರತಿ ವರ್ಷ ನಮ್ಮ ಆಫೀಸಿನಲ್ಲೇ ಕಣ್ಣೆದುರು ಪ್ರಯೋಗ ನಡೆಯುತ್ತದೆ. ನಮ್ಮ ಆಫೀಸಿನ ಹುಡುಗ ಅಯ್ಯಪ್ಪ ಮಾಲೆ ಹಾಕುತ್ತಾನೆ. ದಿನಕ್ಕೆ ಒಂದು ಪ್ಯಾಕ್ ಸೇದುವವನು 41 ದಿನ ಒಂದು ಸಿಗರೇಟ್ ಮುಟ್ಟುವುದಿಲ್ಲ. ಬೆಳಗಿನ ಜಾವ ತಣ್ಣೀರು ಸ್ನಾನ, ಬರಿಗಾಲು, ನೆಲದ ಮೇಲೆ ನಿದ್ದೆ. ಪುಸ್ತಕ ಇಲ್ಲ, ಚಾರ್ಟ್ ಇಲ್ಲ. ಶಬರಿಮಲೆಯಿಂದ ಬಂದು ಮಾಲೆ ತೆಗೆದ ಮಧ್ಯಾಹ್ನ ಟೀ ಅಂಗಡಿ ಮುಂದೆ ನಿಂತು ಸೇದುತ್ತಿರುತ್ತಾನೆ. ನಲವತ್ತೊಂದು ದಿನಕ್ಕೂ ಅಭ್ಯಾಸ ಹತ್ತಲಿಲ್ಲ ಅಲ್ವಾ? ಒಂದು ಸಲ ಕೇಳಿಯೇ ಬಿಟ್ಟೆ. "ಸಾರ್, ಕಪ್ಪು ಪಂಚೆ ಉಟ್ಕೊಂಡು ಅಂಗಡಿಗೆ ಹೋದ್ರೆ ಅವ್ನೇ ಕೊಡಲ್ಲ. ಸ್ವಾಮಿ ಅಂತ ಕೈ ಮುಗೀತಾನೆ" ಅಂದ. ಅವನನ್ನು ತಡೆಯುತ್ತಿದ್ದದ್ದು ಆ ಪಂಚೆ, ಆ ಕೈ ಮುಗಿಯುವ ಅಂಗಡಿಯವನು. ಅದನ್ನು ಬಿಚ್ಚಿದ ಮೇಲೆ ಅವನು ಮತ್ತೆ ಹಳೇ ಹುಡುಗ.

ಈ ತನಕ ನಕ್ಕು ಬರೆಯಬಹುದಾದದ್ದು. ಮುಂದಿನದ್ದು ಹಾಗಲ್ಲ.

2020ರಲ್ಲಿ ನಮ್ಮ ಭಾವನಿಗೆ ಕೆಲಸ ಹೋಯಿತು. ಅಕ್ಕ ಭಾವ ಇರುವುದು ಗುಬ್ಬಿಯಲ್ಲಿ. ಭಾವ ದಿನಾ ತುಮಕೂರಿಗೆ ಹೋಗಿ ಬರುತ್ತಿದ್ದವರು, ಮನೆಯಲ್ಲೇ ಕೂತರು, ಆಮೇಲೆ ಮಲಗಿದರು. ಗಡ್ಡ ಬಿಟ್ಟರು. ಊಟಕ್ಕೆ ಕರೆದರೆ ಆಮೇಲೆ ಅನ್ನುತ್ತಿದ್ದರು. ನಾನು ಏನು ಮಾಡಿದೆ ಗೊತ್ತಾ? ಪುಸ್ತಕ ತಗೊಂಡು ಹೋದೆ. ಹೊಸದು, ₹399, ಹದಿನಾಲ್ಕರಲ್ಲಿ ಅತಿ ದುಬಾರಿ. ಒಳ್ಳೆಯದನ್ನೇ ಯೋಚಿಸಿ, ಒಳ್ಳೆಯದೇ ಆಗುತ್ತದೆ ಅನ್ನುವ ಜಾತಿಯದ್ದು. ಬೆಳಿಗ್ಗೆ ಕನ್ನಡಿ ಮುಂದೆ ನಿಂತು ನಾನು ಬಲಶಾಲಿ, ನನ್ನ ಕೈಲಿ ಎಲ್ಲ ಆಗುತ್ತೆ ಅಂತ ಹತ್ತು ಸಲ ಹೇಳಬೇಕು. ಅಕ್ಕನ ಮುಂದೆಯೇ ಗೀಟು ಹಾಕಿ ತೋರಿಸಿ ಬಂದೆ. ದೊಡ್ಡ ಉಪಕಾರ ಮಾಡಿದ ಹೆಮ್ಮೆಯಲ್ಲಿ ಬಸ್ ಹತ್ತಿದೆ.

ಎರಡು ವಾರ ಬಿಟ್ಟು ಹೋದಾಗ ಭಾವ ಜಗುಲಿ ಮೇಲೆ ಕೂತಿದ್ದರು. ಪುಸ್ತಕ ಪಕ್ಕದಲ್ಲೇ ಇತ್ತು. "ಹೇಳ್ದಷ್ಟೂ ಸುಳ್ಳು ಹೇಳ್ತಿದೀನಿ ಅನ್ಸುತ್ತೆ ಕಣೋ" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಮುಂಚೆ ಕೆಲಸ ಇಲ್ದೋನು ಅಂತ ಮಾತ್ರ ಇತ್ತು. ಈಗ ಪುಸ್ತಕ ಓದಿದ್ರೂ ಸರಿಹೋಗ್ದೋನು ಅಂತ ಇನ್ನೊಂದು ಸೇರ್ಕೊಂತು."

ಕೆನಡಾದ ವಾಟರ್ಲೂ ವಿಶ್ವವಿದ್ಯಾಲಯದ ಜೋಆನ್ ವುಡ್ ಮತ್ತವರ ಜೊತೆಯವರು 2009ರಲ್ಲೇ ಇದನ್ನು ಪರೀಕ್ಷೆ ಮಾಡಿ ಬರೆದಿದ್ದರು, ನನಗೆ ಗೊತ್ತಾಗಿದ್ದು ತಡವಾಗಿ. ತಮ್ಮ ಬಗ್ಗೆ ತಮಗೇ ಕೀಳು ಭಾವನೆ ಇದ್ದವರ ಕೈಲಿ "ನಾನು ಪ್ರೀತಿಗೆ ಯೋಗ್ಯ" ಅನ್ನುವ ಥರದ ಮಾತು ಮತ್ತೆ ಮತ್ತೆ ಹೇಳಿಸಿದರೆ ಅವರ ಮನಸ್ಸು ಇನ್ನೂ ಕುಗ್ಗಿತು. ಮೊದಲೇ ಗಟ್ಟಿಯಿದ್ದವರಿಗೆ ಒಂಚೂರು ಹಿತವಾಯಿತು. ಅಂದರೆ ಯಾರಿಗೆ ಬೇಕಿತ್ತೋ ಅವರಿಗೇ ಪೆಟ್ಟು. ಆ ಪುಸ್ತಕದ ಬೆನ್ನಿನ ಮೇಲೆ ಇಂಥ ಎಚ್ಚರಿಕೆ ಎಲ್ಲೂ ಇಲ್ಲ. ಕೆಮ್ಮಿನ ಸಿರಪ್ಪಿನ ಬಾಟಲಿ ಮೇಲಾದರೂ ಇರುತ್ತದೆ.

ಭಾವನ ವಿಷಯದಲ್ಲಿ ದಾರಿ ತೋರಿಸಿದ್ದು ಅಕ್ಕನ ಸ್ತ್ರೀಶಕ್ತಿ ಸಂಘ. ವಾರಕ್ಕೊಂದು ದಿನ ಸೇರಿ ಉಳಿತಾಯದ ಕಂತು ಕಟ್ಟುವ ಹೆಂಗಸರು. ಒಂದು ವಾರ ಅಕ್ಕ ಹೋಗಲಿಲ್ಲ, ಕಂತು ಕೇಳಲು ಒಬ್ಬರು ಮನೆಗೇ ಬಂದರು, ಭಾವನನ್ನು ನೋಡಿದರು. ತಾಲ್ಲೂಕು ಆಸ್ಪತ್ರೆಗೆ ಮಂಗಳವಾರ ಮನಸ್ಸಿನ ಡಾಕ್ಟರು ಬರುತ್ತಾರೆ, ನಮ್ಮ ತಂಗಿಯನ್ನೂ ಕರ್ಕೊಂಡು ಹೋಗಿದ್ದೆ ಅಂದರು. ಮನೋಚೈತನ್ಯ ಅಂತ ಸರ್ಕಾರದ ಕಾರ್ಯಕ್ರಮ ಅದು. ಅಕ್ಕ ಕರೆದುಕೊಂಡು ಹೋದಳು. ಮಾತ್ರೆ ಕೊಟ್ಟರು, ಮಾತಾಡಿಸಿದರು. ತಿಂಗಳುಗಟ್ಟಲೆ ಹಿಡಿಯಿತು, ಆದರೆ ಎದ್ದರು. ಈಗ ಊರಲ್ಲೇ ಕೊಬ್ಬರಿ ವ್ಯಾಪಾರದವರ ಹತ್ತಿರ ಲೆಕ್ಕ ನೋಡಿಕೊಳ್ಳುತ್ತಾರೆ. ನಿಮ್ಮ ಮನೆಯಲ್ಲೂ ಇಂಥ ಸ್ಥಿತಿ ಇದ್ದರೆ ದಯವಿಟ್ಟು ಪುಸ್ತಕದಂಗಡಿಗೆ ಹೋಗಬೇಡಿ. ಟೆಲಿ ಮಾನಸ್ ಸಹಾಯವಾಣಿ 14416 ಇದೆ, ದುಡ್ಡು ಬೀಳಲ್ಲ, ಕನ್ನಡದಲ್ಲೇ ಮಾತಾಡಬಹುದು.

ಪುಸ್ತಕದಿಂದ ಖಿನ್ನತೆಗೆ ಏನೂ ಆಗುವುದೇ ಇಲ್ಲ ಅಂತಲ್ಲ. ಬ್ರಿಟನ್ನಿನ ಕಾರ್ಡಿಫ್‌ನಲ್ಲಿ ನೀಲ್ ಫ್ರೂಡ್ ಅನ್ನುವ ಮನಶ್ಶಾಸ್ತ್ರಜ್ಞರು 2003ರಲ್ಲಿ ಡಾಕ್ಟರೇ ಚೀಟಿಯಲ್ಲಿ ಪುಸ್ತಕ ಬರೆದುಕೊಡುವ ಪದ್ಧತಿ ಶುರು ಮಾಡಿದರು. ಚೀಟಿ ತಗೊಂಡು ಲೈಬ್ರರಿಗೆ ಹೋಗಬೇಕು. 2013ರಲ್ಲಿ ಇಂಗ್ಲೆಂಡಿಗೂ ಅದು ಬಂತು. ಆದರೆ ಆ ಪಟ್ಟಿಯ ಪುಸ್ತಕಗಳನ್ನು ತಿಳಿದವರು ಆರಿಸಿರುತ್ತಾರೆ. ನನ್ನ ಹಾಗೆ ಹೊದಿಕೆಯ ಬಣ್ಣ ನೋಡಿ ಅಲ್ಲ. ನಮ್ಮಲ್ಲೂ ನಿಮ್ಹಾನ್ಸ್‌ನಲ್ಲಿದ್ದ ಡಾ. ಸಿ. ಆರ್. ಚಂದ್ರಶೇಖರ್ ಅಂಥವರು ಕನ್ನಡದಲ್ಲಿ ಬರೆದ ಪುಟ್ಟ ಪುಸ್ತಕಗಳಿವೆ. ನಾನು ₹399ರದ್ದು ಹೊತ್ತುಕೊಂಡು ಹೋಗುವ ಬದಲು ಅದರಲ್ಲೊಂದನ್ನು ಒಯ್ದಿದ್ದರೆ ಆಗುತ್ತಿತ್ತು.

ಇದೇ ಹೊತ್ತಲ್ಲಿ ಈ ಇಡೀ ಜಾತಿಗೆ ಇಂಗ್ಲಿಷಿನಲ್ಲಿ ಹೆಸರು ಕೊಟ್ಟ ಪುಸ್ತಕದ ಹುಟ್ಟಿನ ಕಥೆ ಓದಿದೆ. ಸ್ಯಾಮ್ಯುಯೆಲ್ ಸ್ಮೈಲ್ಸ್ ಬರೆದ "ಸೆಲ್ಫ್ ಹೆಲ್ಪ್", 1859ರದ್ದು. ಅದರ ಮೊದಲ ಮಾತಿನಲ್ಲಿ ಅವರೇ ಹೇಳುತ್ತಾರೆ. ಉತ್ತರ ಇಂಗ್ಲೆಂಡಿನಲ್ಲಿ ಕೂಲಿ ಕೆಲಸದ ಎರಡು ಮೂರು ಹುಡುಗರು ಚಳಿಗಾಲದ ಸಂಜೆ ಸೇರಿ ಗೊತ್ತಿದ್ದದ್ದನ್ನು ಒಬ್ಬರಿಗೊಬ್ಬರು ಹೇಳಿಕೊಡುತ್ತಿದ್ದರು. ಜನ ಜಾಸ್ತಿ ಆಗಿ, ಹಿಂದೆ ಕಾಲರಾ ಆಸ್ಪತ್ರೆಯಾಗಿ ಬಳಸಿದ್ದ ಒಂದು ಮಂಕು ಕೋಣೆ ಬಾಡಿಗೆಗೆ ಹಿಡಿದರು. ಆ ಹುಡುಗರಿಗೆ ಮಾಡಿದ ಭಾಷಣಗಳೇ ಮುಂದೆ ಪುಸ್ತಕವಾದವು. ಹೆಸರು ಸ್ವಸಹಾಯ, ಹುಟ್ಟಿದ್ದು ಮಾತ್ರ ಗುಂಪಿನಲ್ಲಿ. ಅಕ್ಕನಿಗೆ ಹೇಳಿದೆ. "ನಮ್ ಸಂಘಕ್ಕೂ ಸ್ವಸಹಾಯ ಸಂಘ ಅಂತಾನೇ ಅಲ್ವೇನೋ ಬೋರ್ಡಲ್ಲಿ ಇರೋದು" ಅಂದಳು. ಇಷ್ಟು ವರ್ಷ ಆ ಬೋರ್ಡ್ ಓದಿದ್ದೆ, ಹೊಳೆದಿರಲಿಲ್ಲ.

ಇಷ್ಟಾದ ಮೇಲೆ ಹದಿನಾಲ್ಕನ್ನೂ ರದ್ದಿಗೆ ಹಾಕಬೇಕಿತ್ತು. ಹಾಕಲಿಲ್ಲ. ಕಾರಣ ಹದಿಮೂರನೇ ಪುಸ್ತಕ.

2023ರ ಅಕ್ಟೋಬರ್, ದಂಡ ಕಟ್ಟಿದ ಉರಿ ಇನ್ನೂ ಆರಿರಲಿಲ್ಲ. ಅವೆನ್ಯೂ ರಸ್ತೆಯಲ್ಲಿ ₹60ಕ್ಕೆ ಒಂದು ಇಂಗ್ಲಿಷ್ ಪುಸ್ತಕ ಸಿಕ್ಕಿತು. ಅಭ್ಯಾಸದಂತೆ ಮೂರನೇ ಅಧ್ಯಾಯ ತೆಗೆದು ನೋಡಿದೆ. ಪೆನ್ಸಿಲ್ ನಿಂತಿರಲಿಲ್ಲ. ಐದಕ್ಕೂ ಇತ್ತು, ಎಂಟಕ್ಕೂ ಇತ್ತು. ಗೀಟು ಕಡಿಮೆ, ಬರಹ ಜಾಸ್ತಿ. ಅಂಚಿನಲ್ಲಿ ಸಣ್ಣ, ದುಂಡು ಕನ್ನಡ ಅಕ್ಷರ. ಆ ಪುಸ್ತಕ ಓದಿದ್ದು ಒಬ್ಬ ಹೆಂಗಸು ಅಂತ ನನ್ನ ಊಹೆ. ಯಾಕೆ ಅಂತ ಹೇಳುತ್ತೇನೆ.

ಬೆಳಿಗ್ಗೆ ಬೇಗ ಎದ್ದು ಒಂದು ಗಂಟೆ ನಿಮಗೋಸ್ಕರ ಇಟ್ಟುಕೊಳ್ಳಿ ಅನ್ನುವ ಉಪದೇಶ ಎಲ್ಲ ಪುಸ್ತಕದಲ್ಲೂ ಇರುತ್ತದಲ್ಲ, ಇದರಲ್ಲೂ ಇದೆ. ಅದರ ಪಕ್ಕ ಬರೆದಿದ್ದಾಳೆ: "ಇಡ್ಲಿ ಯಾರು ಬೇಯಿಸ್ತಾರೆ?" ನಾನು ಫುಟ್‌ಪಾತ್‌ನಲ್ಲೇ ನಕ್ಕುಬಿಟ್ಟೆ. ಎದುರಾಳಿಯ ಮಾತನ್ನು ಪೂರ್ತಿ ಕೇಳಿ ಅನ್ನುವಲ್ಲಿ: "ಅತ್ತೆ ಹತ್ರ ಇದು ನಡೆಯಲ್ಲ. ಪೂರ್ತಿ ಆಗೋದೇ ಇಲ್ಲ." ಎರಡು ಪುಟ ಬಿಟ್ಟು ಬೇರೆ ದಿನ ಬರೆದದ್ದು, ಪೆನ್ಸಿಲ್ ಮೊನೆ ಚೂಪಾಗಿದೆ: "ಬಸ್ಸಲ್ಲಿ 25 ನಿಮಿಷ ಇದೆ. ಸೀಟ್ ಸಿಕ್ಕಿದ ತಕ್ಷಣ ಪುಸ್ತಕ ತೆಗೀತೀನಿ. ಅದೇ ನನ್ನ ಗಂಟೆ." ಅಲ್ಲಿಂದ ಮುಂದೆ ಪ್ರತಿ ಅಧ್ಯಾಯದ ತಲೆ ಮೇಲೆ ಸಣ್ಣ ಟಿಕ್‌ಗಳು. ಕೆಲವು ಕಡೆ ಟಿಕ್ ಬದಲು "ಸೀಟ್ ಸಿಗಲಿಲ್ಲ". ಕೊನೆಯ ಖಾಲಿ ಪುಟದಲ್ಲಿ ಟ್ಯಾಲಿ (ಕಂಪ್ಯೂಟರಿನಲ್ಲಿ ಲೆಕ್ಕ ಬರೆಯುವ) ಕ್ಲಾಸಿನ ಫೀಸ್ ಮೂರು ಕಂತಾಗಿ ಕೂಡಿಸಿ ಬರೆದಿದ್ದಾಳೆ. ಕೂಡುವುದರಲ್ಲಿ ಒಂದು ತಪ್ಪಿದೆ, ಆಮೇಲೆ ತಿದ್ದಿದ್ದಾಳೆ. ಅದರ ಕೆಳಗೆ, ಗೀಟು ಇಲ್ಲದೆ, "ಪಾಸ್".

ಪಾಸಾದದ್ದು ಪುಸ್ತಕದಿಂದಲೋ, ಬಸ್ಸಿನಿಂದಲೋ, ಅವಳ ಹಟದಿಂದಲೋ ನಾನು ಹೇಳಲಾರೆ. ಪುಸ್ತಕ ಯಾಕೆ ಮಾರಿದಳು ಅನ್ನುವುದೂ ತಿಳಿಯದು. ಕೆಲಸ ಮುಗಿಯಿತು ಅಂತ ಕೊಟ್ಟಳೋ, ಮನೆಯವರು ಪೇಪರಿನ ಜೊತೆ ತೂಕಕ್ಕೆ ಹಾಕಿದರೋ. ಆದರೆ ಒಂದು ಸ್ಪಷ್ಟ. ನನ್ನ ಹಾಗೆ ಅವಳು ತಲೆ ಆಡಿಸಿ ಓದಿರಲಿಲ್ಲ. ಜಗಳ ಆಡಿದ್ದಳು. ಪುಸ್ತಕ ಒಂದು ಗಂಟೆ ಕೇಳಿದರೆ ಚೌಕಾಸಿ ಮಾಡಿ ಇಪ್ಪತ್ತೈದು ನಿಮಿಷಕ್ಕೆ ಇಳಿಸಿದ್ದಳು. ಅದನ್ನೂ ತನ್ನ ದಿನದಲ್ಲಿ ಮೊದಲೇ ಇದ್ದ ಒಂದು ಜಾಗಕ್ಕೆ ಕಟ್ಟಿದ್ದಳು.

ಈ ಕಟ್ಟುವ ವಿಷಯಕ್ಕೆ ಗಟ್ಟಿ ಆಧಾರವೂ ಇದೆ. ಪೀಟರ್ ಗೋಲ್‌ವಿಟ್ಜರ್ ಅನ್ನುವ ಮನಶ್ಶಾಸ್ತ್ರಜ್ಞರು ವರ್ಷಗಟ್ಟಲೆ ಇದನ್ನೇ ನೋಡಿದವರು. "ನಾನು ಓದಬೇಕು" ಅನ್ನುವುದಕ್ಕೂ "ಸೀಟ್ ಸಿಕ್ಕಿದ ತಕ್ಷಣ ಪುಸ್ತಕ ತೆಗೀತೀನಿ" ಅನ್ನುವುದಕ್ಕೂ ಇರುವ ವ್ಯತ್ಯಾಸ. 2006ರಲ್ಲಿ ಅವರು ಮತ್ತು ಪಾಸ್ಕಲ್ ಶೀರನ್ 94 ಪರೀಕ್ಷೆಗಳನ್ನು ಒಟ್ಟುಗೂಡಿಸಿ ನೋಡಿದಾಗ ಎರಡನೇ ಥರ ಹೇಳಿಕೊಂಡವರು ಚೆನ್ನಾಗಿಯೇ ಮುಂದಿದ್ದರು. ಇದೇ ಮಾತು ನನ್ನ ನಾಲ್ಕು ಪುಸ್ತಕಗಳಲ್ಲಿ ಇದೆ. ಇನ್ನೂರೈವತ್ತು ಪುಟದ ಮಧ್ಯ ಎಲ್ಲೋ ಒಂದೂವರೆ ಪುಟ. ಮೂರನೇ ಅಧ್ಯಾಯಕ್ಕೆ ನಿಂತವರಿಗೆ ಅದು ಸಿಗುವುದೇ ಇಲ್ಲ.

ನಾನು ಕಟ್ಟಿದ್ದು ಡಿಕಾಕ್ಷನ್‌ಗೆ. ಮನೆಯಲ್ಲಿ ಬೆಳಗಿನ ಕಾಫಿ ನನ್ನ ಪಾಲಿನ ಕೆಲಸ. ಹಿತ್ತಾಳೆ ಫಿಲ್ಟರು, ಅಮ್ಮನ ಕಾಲದ್ದು. ಮೂರು ಚಮಚ ಪುಡಿ ಹಾಕಿ ಮೇಲಿನ ತಟ್ಟೆಯಿಂದ ಮೆಲ್ಲಗೆ ಒತ್ತಬೇಕು, ಜಾಸ್ತಿ ಒತ್ತಿದರೆ ನೀರು ಇಳಿಯಲ್ಲ. ಕುದಿ ಬಂದ ನೀರನ್ನು ಅರೆ ನಿಮಿಷ ಬಿಟ್ಟು ಹುಯ್ಯಬೇಕು. ಮುಚ್ಚಳ ಹಾಕಿದ ಮೇಲೆ ಹದಿನೈದು ನಿಮಿಷ ಮಾಡಲು ಏನೂ ಇಲ್ಲ. ಆ ಹದಿನೈದು ನಿಮಿಷವನ್ನು ಇಷ್ಟು ವರ್ಷ ಫೋನಿಗೆ ಕೊಟ್ಟಿದ್ದೆ. ಈಗ ಫಿಲ್ಟರ್ ಪಕ್ಕದಲ್ಲೇ ಒಂದು ಲಾಂಗ್ ಬುಕ್, ಪೆನ್ನು ದಾರದಲ್ಲಿ ಕಟ್ಟಿದ್ದು. ಮುಚ್ಚಳ ಹಾಕಿದ ಶಬ್ದ ಆದರೆ ಲಾಂಗ್ ಬುಕ್ ತೆಗೆಯುತ್ತೇನೆ. ನಿನ್ನೆಯ ಖರ್ಚು, ಇವತ್ತು ಕಟ್ಟಬೇಕಾದದ್ದು, ಯಾರಿಗೆ ಫೋನ್ ಮಾಡಬೇಕು. ಕೆಳಗೆ ತೊಟ್ಟಿಕ್ಕುವ ಸದ್ದು ನಿಂತರೆ ನನ್ನದೂ ನಿಲ್ಲುತ್ತದೆ. "ರೀ, ಡಿಕಾಕ್ಷನ್ ಇಳೀತು, ಲೆಕ್ಕ ಮುಗೀತಾ?" ಅಂತ ಒಳಗಿನಿಂದ ಕೂಗು ಬರುತ್ತದೆ.

2024ರಲ್ಲಿ ನನ್ನ ರಿಟರ್ನ್ಸ್ ಜೂನ್ ಕೊನೆಗೇ ಹೋಯಿತು. 2025ರಲ್ಲಿ ಕೊನೆ ದಿನವನ್ನು ಸೆಪ್ಟೆಂಬರಿಗೆ ಮುಂದೂಡಿದರು. ಹಳೇ ನಾನಾಗಿದ್ದರೆ ಸೆಪ್ಟೆಂಬರ್ ತನಕ ಕಾಯುತ್ತಿದ್ದೆ. ಜುಲೈಯಲ್ಲೇ ಹಾಕಿದೆ.

ಕೆಡುವುದೂ ಇದೆ. ಮನೆಯವಳು ಬೇಗ ಎದ್ದು ತಾನೇ ಡಿಕಾಕ್ಷನ್ ಹಾಕಿದ ದಿನ ಲೆಕ್ಕ ಇಲ್ಲ. ಗುಬ್ಬಿಗೆ ಹೋದರೆ ಇಲ್ಲ, ಅಲ್ಲಿ ಟೀ. ನಾಲ್ಕು ದಿನ ಅಲ್ಲಿದ್ದು ಬಂದರೆ ನಾಲ್ಕು ಪುಟ ಖಾಲಿ. ವಾಕಿಂಗ್ ಇವತ್ತಿಗೂ ಆಗಿಲ್ಲ, ಅದಕ್ಕೆ ಕಟ್ಟಲು ಗೂಟ ಸಿಕ್ಕಿಲ್ಲ. ಮಗನ ಮೇಲೆ ರೇಗುವುದೂ ಹಾಗೇ ಇದೆ. ಸಿಟ್ಟಿನ ಬಗ್ಗೆಯೇ ಎರಡು ಪುಸ್ತಕ ಇವೆ, ಹೋದ ತಿಂಗಳು ಅದರಲ್ಲೊಂದನ್ನು ಓದುತ್ತಿದ್ದಾಗ ಮಧ್ಯ ಮಾತಾಡಿಸಿದ ಅಂತ ಅವನಿಗೆ ಬೈದೆ.

ರೇಟಿಂಗ್ ಕೇಳಿದರೆ, ₹399ರ ಆ ಪುಸ್ತಕಕ್ಕೆ ಸೊನ್ನೆ. ಉಳಿದವಕ್ಕೆ ಒಟ್ಟು ಸೇರಿಸಿ ಐದಕ್ಕೆ ಎರಡು. ₹60ರ ಪುಸ್ತಕಕ್ಕೆ ಎರಡೂವರೆ, ಅದರ ಅಂಚಿಗೆ ಐದು. ಕೊಳ್ಳಲೇಬೇಕು ಅಂತಿದ್ದರೆ ಹೊಸದು ಕೊಳ್ಳಬೇಡಿ. ಭಾನುವಾರ ಹತ್ತು ಗಂಟೆಯೊಳಗೆ ಹೋಗಿ, ಬಿಸಿಲು ಏರಿದ ಮೇಲೆ ನಿಂತು ಹುಡುಕಲು ಆಗಲ್ಲ. ಐದನೇ ಅಧ್ಯಾಯದಿಂದಾಚೆ ತೆಗೆದು ನೋಡಿ. ಅಲ್ಲಿ ಪೆನ್ಸಿಲ್ ಬರಹ ಇದ್ದರೆ ಅಂಗಡಿಯವನು ಹರಿದಿದೆ, ಗಲೀಜಾಗಿದೆ ಅಂತ ಹತ್ತು ರೂಪಾಯಿ ಕಡಿಮೆ ಮಾಡುತ್ತಾನೆ. ನನಗೂ ಮಾಡಿದ. ಮೊದಲು ಎಪ್ಪತ್ತು ಹೇಳಿದ್ದ.